ಮಸ್ಕತ್ತಿನ ಅಡುಗೆಮನೆಯಲ್ಲಿ ಅಪ್ಪ

ಆಗೆಲ್ಲ ಹೊರದೇಶದಿಂದ ಊರಿಗೆ ಮಾತಾಡಬೇಕೆಂದರೆ ಅಂಗಡಿಗೆ ಹೋಗಿ ಕಾರ್ಡು ತರಬೇಕಿತ್ತು. ಕಾರ್ಡಿನ ಬೆನ್ನ ಮೇಲಿನ ಬೂದು ಪಟ್ಟಿಯನ್ನು ಉಗುರಿನಿಂದ ಕೆರೆದು, ಒಳಗಿನ ಉದ್ದನೆಯ ನಂಬರು ಒತ್ತಿ, ಅದಾದ ಮೇಲೆ ಊರಿನ ನಂಬರು ಒತ್ತಿ ಕಾಯಬೇಕು. ಇನ್ನೆಷ್ಟು ನಿಮಿಷ ಮಾತಾಡಬಹುದು ಎಂದು ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೇಳುತ್ತಿದ್ದಳು. ಗಲ್ಫಿನಲ್ಲಿ ಬಾಲ್ಯ ಕಳೆದವರು ಯಾರಾದರೂ ಇದನ್ನು ಓದುತ್ತಿದ್ದರೆ ಆ ಧ್ವನಿ ಅವರ ಕಿವಿಯಲ್ಲೂ ಇರುತ್ತದೆ. ನಾನು ಅಡುಗೆ ಕಲಿತದ್ದು ಮಾತು ತುಂಡಾಗುವುದರೊಳಗೆ ಕೇಳಿಸಿಕೊಂಡಷ್ಟರಿಂದ. ಹಾಗಾಗಿ ಇವತ್ತಿಗೂ ಕೆಲವು ಅಡುಗೆಗಳು ನನಗೆ ಅರ್ಧದವರೆಗೆ ಮಾತ್ರ ಸರಿಯಾಗಿ ಬರುತ್ತವೆ.

ನಾವು ಮಸ್ಕತ್ತಿನಲ್ಲಿದ್ದೆವು. ಕುಶಾಲನಗರದಲ್ಲಿ ಎಸ್ಟೇಟ್ ಜೀಪುಗಳನ್ನು ರಿಪೇರಿ ಮಾಡುತ್ತಿದ್ದ ಅಪ್ಪ ಅಲ್ಲಿನ ರೂವಿ ಬಡಾವಣೆಯ ಒಂದು ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಆಗಿ ಸೇರಿದ್ದ. ಎರಡು ವರ್ಷದ ಮೇಲೆ ಅಮ್ಮನನ್ನೂ ನನ್ನನ್ನೂ ಕರೆಸಿಕೊಂಡ. ಅಮ್ಮನ ತವರು ಗುಡ್ಡೆಹೊಸೂರಿನ ಆಚೆ, ದುಬಾರೆಗೆ ಹೋಗುವ ರಸ್ತೆಯ ಬದಿ. ಅಜ್ಜ ಅಜ್ಜಿ ಕೊಣನೂರು ಕಡೆಯಿಂದ ಬಂದು ಅಲ್ಲಿ ನೆಲೆಯೂರಿದವರು. ಕೊಡಗಿಗೆ ಬಂದು ಎಷ್ಟೋ ಕಾಲವಾಗಿದ್ದರೂ ಅವರ ಮನೆಯಲ್ಲಿ ಉಣ್ಣುತ್ತಿದ್ದುದು ಮುದ್ದೆ, ಬಸ್ಸಾರು, ಚಳಿಗಾಲದಲ್ಲಿ ಮೂರು ಹೊತ್ತೂ ಅವರೆಕಾಳು. ಮಸ್ಕತ್ತಿನ ಲಾಂಡ್ರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆಯಲ್ಲೂ ಅಮ್ಮ ಅದನ್ನೇ ಮಾಡುತ್ತಿದ್ದಳು. ಕೆಳಗಿನಿಂದ ಇಸ್ತ್ರಿಯ ಹಬೆ, ಸೋಪಿನ ವಾಸನೆ ಮೇಲೆ ಬಂದರೆ ನಮ್ಮ ಕಿಟಕಿಯಿಂದ ಬೆಳ್ಳುಳ್ಳಿ ಒಗ್ಗರಣೆ ಕೆಳಗಿಳಿಯುತ್ತಿತ್ತು.

ಐದನೇ ಕ್ಲಾಸಿನಲ್ಲಿ, ಬೇಸಿಗೆ ರಜೆ ಮುಗಿದು ಶಾಲೆ ಮತ್ತೆ ಶುರುವಾದಾಗ, ಅಮ್ಮನಿಗೆ ಹೊಟ್ಟೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ನನ್ನನ್ನು ಎದುರು ಮನೆಯ ಲಿಸ್ಸಿ ಆಂಟಿಯ ಹತ್ತಿರ ಬಿಟ್ಟರು. ಅವರು ಕೇರಳದ ಇರಿಟ್ಟಿಯವರು. ನಮ್ಮ ಮಾಕುಟ್ಟ ಘಾಟಿ ಇಳಿದರೆ ಅವರ ಊರು, ಹಾಗಾಗಿ ತಮ್ಮನ್ನು ಅರ್ಧ ಕೊಡಗಿನವರು ಎಂದೇ ಹೇಳಿಕೊಳ್ಳುತ್ತಿದ್ದರು. ನನ್ನನ್ನು ಮೋಳೆ, ಅಂದರೆ ಮಗಳೇ, ಎನ್ನುತ್ತಿದ್ದರು. ಅವರಿಗೊಂದು ಕೈಗೂಸಿತ್ತು. ಅಮ್ಮ ದಿನಾ ಅಲ್ಲಿಗೆ ಹೋಗಿ ಆ ಕೂಸಿಗೆ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿ ಬರುತ್ತಿದ್ದಳು. ಆಸ್ಪತ್ರೆಯಿಂದ ಬಂದ ಮೇಲೆ ಹೋಗುವುದನ್ನು ನಿಲ್ಲಿಸಿದಳು. ಯಾಕೆಂದು ನಾನು ಕೇಳಲಿಲ್ಲ. ಹೊಟ್ಟೆನೋವು ವಾಸಿಯಾಗಿರಲಿಕ್ಕಿಲ್ಲ ಅಂದುಕೊಂಡೆ.

ಆಮೇಲೆ ಅಡುಗೆಯೂ ನಿಂತಿತು. ಒಂದೇ ಸಲಕ್ಕಲ್ಲ, ಮೊದಲು ಮುದ್ದೆ ನಿಂತಿತು, ಆಮೇಲೆ ಪಲ್ಯ, ಕೊನೆಗೆ ಅನ್ನ ಮೊಸರು ಮಾತ್ರ. ವಾರಕ್ಕೊಮ್ಮೆ ನಾವಿಬ್ಬರೂ ಸಾಮಾನು ತರಲು ದೊಡ್ಡ ಸೂಪರ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆವು. ಅಮ್ಮ ತರಕಾರಿ ಸಾಲಿನ ಮುಂದೆ ಖಾಲಿ ಟ್ರಾಲಿ ಹಿಡಿದು ನಿಂತುಬಿಡುತ್ತಿದ್ದಳು. ಅಲ್ಲಿ ತರಕಾರಿಯ ಮೇಲೆ ಆಗಾಗ ತಾನಾಗಿಯೇ ನೀರಿನ ತುಂತುರು ಬೀಳುತ್ತಿತ್ತು. ಅದು ಬಿದ್ದು ನಿಂತು ಮತ್ತೆ ಬೀಳುವವರೆಗೂ ಅಮ್ಮ ಅಲ್ಲಾಡುತ್ತಿರಲಿಲ್ಲ.

"ಅಮ್ಮ, ಏನ್ ತಗೊಳ್ಳೋದು?"

"ಅದೇ ಗೊತ್ತಾಗ್ತಿಲ್ಲ ಕಣೆ. ಎಲ್ಲ ಒಂದೇ ಥರ ಕಾಣ್ತದೆ."

ಬರುವಾಗ ಒಂದು ಉಪ್ಪಿನ ಪ್ಯಾಕೆಟ್ಟು ತರುತ್ತಿದ್ದೆವು. ಮುಂದಿನ ವಾರವೂ ಉಪ್ಪು. ಅಪ್ಪ ಸಂಜೆ ಬಂದು ಚೀಲ ತೆಗೆದು ನೋಡಿ, ಕೆಳಗಿಳಿದು ಹೋಗಿ ಹೋಟೆಲಿನಿಂದ ಖುಬೂಸು ರೊಟ್ಟಿ ಮತ್ತು ದಾಲ್ ಕಟ್ಟಿಸಿಕೊಂಡು ಬರುತ್ತಿದ್ದ.

ಚಳಿಗಾಲ ಹತ್ತಿರವಾದಾಗ ಅಮ್ಮ ಊರಿಗೆ ಹೊರಟಳು, ಒಬ್ಬಳೇ. ಅಜ್ಜಿಗೆ ಹುಷಾರಿಲ್ಲವಂತೆ ಎಂದು ಅಪ್ಪ ಹೇಳಿದ. ಲಿಸ್ಸಿ ಆಂಟಿಯನ್ನು ಕೇಳಿದರೆ "ಅಮ್ಮನಿಗೆ ಸ್ವಲ್ಪ ರೆಸ್ಟ್ ಬೇಕು ಮೋಳೆ, ಅದಕ್ಕೆ" ಅಂದರು. ಅಮ್ಮನನ್ನೇ ಕೇಳೋಣವೆಂದರೆ ಏರ್‌ಪೋರ್ಟಿನಲ್ಲಿ ಅವಳು ನನ್ನ ಜಡೆ ಬಿಚ್ಚಿ, ಮತ್ತೆ ಹೆಣೆದು, ಬಿಗಿಯಾಗಲಿಲ್ಲವೆಂದು ಇನ್ನೊಂದು ಸಲ ಬಿಚ್ಚಿ ಹೆಣೆದಳು. ಅಷ್ಟರಲ್ಲಿ ಹೊತ್ತಾಯಿತು.

ಮೊದಲ ಶುಕ್ರವಾರ, ಅಲ್ಲಿನ ವಾರದ ರಜೆಯ ದಿನ, ಫೋನು ಮಾಡಿದಾಗಲೇ ನನಗೆ ತಲೆ ಕೆಟ್ಟುಹೋಯಿತು. ಫೋನೆತ್ತಿದ್ದು ಅಜ್ಜಿ. ಹುಷಾರಿಲ್ಲದ ಅಜ್ಜಿ ಒಂದು ಕೈಯಲ್ಲಿ ಫೋನು ಹಿಡಿದು ಇನ್ನೊಂದು ಕೈಯಲ್ಲಿ ಕೋಳಿ ಓಡಿಸುತ್ತಿದ್ದಳು.

"ಅಜ್ಜಿ, ನಿಂಗೆ ಹುಷಾರಿಲ್ವಂತೆ?"

"ನಂಗೇನಾಗದೆ? ಗುಂಡುಕಲ್ ಇದ್ದಂಗಿವ್ನಿ. ಯಾರಂದೋರು?"

ಅಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡ.

ಅಜ್ಜಿಯ ಮನೆಯೊಳಗೆ ಸಿಗ್ನಲ್ ಬರುತ್ತಿರಲಿಲ್ಲ. ಅಂಗಳ ದಾಟಿ ಸೀಬೆ ಮರದ ಕೆಳಗೆ ನಿಂತರೆ ಮಾತ್ರ ಮಾತು ಕೇಳುತ್ತಿತ್ತು. ಅಜ್ಜಿ ಯಾವಾಗಲೂ ಅಲ್ಲಿಂದಲೇ ಮಾತಾಡುತ್ತಿದ್ದಳು. ಕೊನೆಯಲ್ಲಿ ಅಮ್ಮನನ್ನು ಕೂಗುತ್ತಿದ್ದಳು. ಅಮ್ಮ ಬಂದು "ಉಂಡ್ಯಾ?" ಎನ್ನುತ್ತಿದ್ದಳು. ನಾನು ಹೂಂ ಅಂದರೆ ಅವಳೂ ಹೂಂ. ಅಷ್ಟೇ.

ಅಪ್ಪ ಅಡುಗೆಗೆ ಇಳಿದದ್ದು ಹೀಗೆ. ಹೋಟೆಲ್ ದಾಲ್ ತಿಂದು ತಿಂದು ಒಂದು ದಿನ ನಾನು ಶಾಲೆಯಲ್ಲಿ ವಾಂತಿ ಮಾಡಿಕೊಂಡೆ. ಆ ವಾರದ ಶುಕ್ರವಾರ ಬೆಳಗ್ಗೆ ಅವನು ಗ್ಯಾರೇಜಿಗೆ ಹೊರಟವನಂತೆ ತೋಳು ಮಡಿಸಿ ಅಡುಗೆಮನೆಗೆ ನುಗ್ಗಿದ. ಮೊದಲು ಕುಕ್ಕರಿನ ಹಿಡಿಯ ಸ್ಕ್ರೂ ಬಿಗಿ ಮಾಡಿದ. ಗ್ಯಾಸಿನ ಪೈಪಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿದ. ಒಲೆಯ ಬರ್ನರು ಬಿಚ್ಚಿ ಉಜ್ಜಿದ. ಅದೆಲ್ಲ ಆದ ಮೇಲೆ ಇನ್ನು ಮಾಡುವುದಕ್ಕೆ ಅಡುಗೆಯೊಂದೇ ಉಳಿಯಿತು. ಆಗ ಫೋನು ಕೈಗೆತ್ತಿಕೊಂಡ.

"ಅತ್ತೆ, ಉಪ್ಪಿಟ್ಟು ಹೆಂಗೆ ಮಾಡದು?"

ನಾನು ಅವನ ತೋಳಿಗೆ ಕಿವಿ ಒತ್ತಿಕೊಂಡು ನಿಂತಿದ್ದೆ. ಅಜ್ಜಿ ನಕ್ಕಳು. ಈರುಳ್ಳಿ ಹೆಚ್ಚುವುದರಿಂದ ಶುರುಮಾಡಿದಳು.

"ಎಣ್ಣೆ ಎಷ್ಟು ಹಾಕ್ಲಿ?"

"ಕಣ್ಣಳತೆ ಕನಪ್ಪ."

"ಯಾರ ಕಣ್ಣಳತೆ ಅತ್ತೆ? ನಂಗೆ ಗೊತ್ತಿದ್ರೆ ನಿಮ್ಮನ್ಯಾಕೆ ಕೇಳ್ತಿದ್ದೆ?"

"ನೀರು ಮಳ್ಳುಬೇಕು. ಮಳ್ಳುವಾಗ ರವೆ ಉದುರುಸ್ಕಂಡು ತಿರುವ್ತಾ ಇರು. ಆದ್ರೆ ರವೇನ ಅದ್ಕೂ ಮುಂಚೆ..."

ಫೋನು ತುಂಡಾಯಿತು. ಅದಕ್ಕೂ ಮುಂಚೆ ರವೆಯನ್ನು ಏನು ಮಾಡಬೇಕು? ಅಪ್ಪನೂ ನಾನೂ ಪಾತ್ರೆ ನೋಡುತ್ತ ನಿಂತೆವು. ಅಕ್ಕಿ, ಬೇಳೆ ಎಲ್ಲವನ್ನೂ ಮುಂಚೆ ತೊಳೆಯುತ್ತಾರಲ್ಲ, ಹಾಗೆಯೇ ಇರಬೇಕು ಎಂದು ನಾನಂದೆ. ಅಪ್ಪನಿಗೂ ಅದು ಸರಿಯೆನಿಸಿತು. ರವೆಯನ್ನು ಮೂರು ನೀರಿನಲ್ಲಿ ತೊಳೆದೆವು. ಉಳಿದದ್ದನ್ನು ಕುದಿಯುವ ನೀರಿಗೆ ಹಾಕಿದಾಗ ಏನಾಯಿತೆಂದು ಬರೆಯಬೇಕಾಗಿಲ್ಲ. ಅದನ್ನೇ ಬಟ್ಟಲಿಗೆ ಹಾಕಿ ಸಕ್ಕರೆ ಬೆರೆಸಿಕೊಂಡು ತಿಂದೆವು. "ಗಂಜಿ ಅಂತ ಅನ್ಕೊಂಡ್ರೆ ಚೆನ್ನಾಗದೆ" ಅಂದ ಅಪ್ಪ.

ಹೀಗೆ ಶುಕ್ರವಾರಗಳು ನಡೆದವು. ಅಂಗಡಿಯಲ್ಲಿ ಜೀರಿಗೆಯೆಂದು ತಂದದ್ದು ಸೋಂಪಾಗಿ ಸಾರು ಬೀಡಾದ ಹಾಗೆ ಘಮಘಮಿಸಿತು. ಮೊಸರೆಂದು ತಂದ ಡಬ್ಬಿಯೊಳಗೆ ಚಮಚ ನೆಟ್ಟರೆ ನಿಲ್ಲುವಷ್ಟು ಗಟ್ಟಿಯಾದ ಹುಳಿ ಮುದ್ದೆಯೊಂದಿತ್ತು. ಅಪ್ಪ ಅದಕ್ಕೆ ನೀರು ಹಾಕಿ ಕಡೆದು ಒಗ್ಗರಣೆ ಕೊಟ್ಟ. ಕೈಗೆ ಸಿಕ್ಕಿದ್ದನ್ನು ಹೇಗಾದರೂ ಓಡುವ ಹಾಗೆ ಮಾಡುವುದು ಅವನ ಕಸುಬಾಗಿತ್ತು. ಗ್ಯಾರೇಜಿನ ಗ್ರೀಸು ಪೂರ್ತಿ ಹೋಗದ ಅವನ ಬೆರಳುಗಳು ಕೊತ್ತಂಬರಿ ಬಿಡಿಸುವುದನ್ನು ನೋಡುತ್ತ ಕೂರುವುದು ನನಗೆ ಇಷ್ಟವಾಗುತ್ತಿತ್ತು. ಅದಕ್ಕೂ ಮೊದಲು ಅಪ್ಪನ ಜೊತೆ ಅಷ್ಟು ಹೊತ್ತು ಒಂದೇ ಕೋಣೆಯಲ್ಲಿ ಇದ್ದದ್ದು ನನಗೆ ನೆನಪಿಲ್ಲ. ಅಮ್ಮ ಇಲ್ಲ ಎಂಬುದಕ್ಕೆ ಬೇಸರವಾಗಬೇಕಿತ್ತು. ಆಗುತ್ತಲೂ ಇತ್ತು. ಆದರೆ ಶುಕ್ರವಾರ ಬರಲಿ ಎಂದೂ ಅನ್ನಿಸುತ್ತಿತ್ತು. ಎರಡೂ ಒಟ್ಟಿಗೇ ಹೇಗಿರುತ್ತವೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ.

ಒಂದು ದಿನ ಅಪ್ಪನಿಗೆ ಮುದ್ದೆಯ ಆಸೆ ಹತ್ತಿತು. ಮನೆಯಲ್ಲಿ ಊರಿನಿಂದ ತಂದ ಹಿಟ್ಟು ಮುಗಿದಿತ್ತು. ರೂವಿಯ ಹಿಂದಿನ ಗಲ್ಲಿಯಲ್ಲಿ ಕಣ್ಣೂರಿನ ಒಬ್ಬರ ಅಂಗಡಿಯಿತ್ತು. ಎಲ್ಲರೂ ಅವರನ್ನು ಇಕ್ಕ, ಅಂದರೆ ಅಣ್ಣ, ಎಂದೇ ಕರೆಯುತ್ತಿದ್ದರು. ಅಪ್ಪನಿಗೆ ನೆಲ್ಯಹುದಿಕೇರಿ, ಸಿದ್ದಾಪುರದ ಕಡೆ ಮಲಯಾಳಿಗಳ ಜೊತೆ ಕೆಲಸ ಮಾಡಿದ್ದರಿಂದ ಮಲಯಾಳ ಬರುತ್ತಿತ್ತು. ರಾಗಿ ಹಿಟ್ಟು ಅಂದ. ಇಕ್ಕ ತಲೆ ಕೆರೆದುಕೊಂಡರು. ಅಪ್ಪ ಬಣ್ಣ ಹೇಳಿದ, ಕಾಳು ಎಷ್ಟು ಸಣ್ಣದೆಂದು ಬೆರಳಿನಲ್ಲಿ ತೋರಿಸಿದ. ಆಗ ಅವರ ಮುಖ ಅರಳಿತು. "ಮುತ್ತಾರಿ!" ಎಂದು ಒಳಗೆ ಹೋಗಿ ಒಂದು ಸಣ್ಣ ಪ್ಯಾಕೆಟ್ಟು ತಂದರು. ಅದರ ಮೇಲೆ ಹಲ್ಲಿಲ್ಲದ ಮಗುವೊಂದು ನಗುತ್ತಿರುವ ಚಿತ್ರವಿತ್ತು.

"ಕುಟ್ಟಿಕ್ಕ್ ಎತ್ರ ಮಾಸಮಾಯಿ?" ಅಂದರು. ಮಗುವಿಗೆ ಎಷ್ಟು ತಿಂಗಳಾಯಿತು ಎಂದು ಕೇಳಿದ್ದು ನನಗೂ ತಿಳಿಯಿತು. ಅವರ ಕಡೆ ರಾಗಿಯನ್ನು ಕೂಸುಗಳಿಗೆ ಮಾತ್ರ ಕುದಿಸಿ ತಿನ್ನಿಸುತ್ತಾರೆ ಎಂಬುದು ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ.

ಅಪ್ಪ ಇನ್ನೂ ಇದ್ದರೆ ಕೊಡಿ ಎಂದು ಕೈ ಸನ್ನೆ ಮಾಡಿದ. ಇಕ್ಕ ಇದ್ದಬದ್ದ ಪ್ಯಾಕೆಟ್ಟುಗಳನ್ನೆಲ್ಲ ತಂದಿಟ್ಟು, ನನ್ನ ಗಲ್ಲ ಹಿಂಡಿ, ತಮ್ಮನೋ ತಂಗಿಯೋ ಎಂದು ಕೇಳಿದರು.

ನಾನು ದಾರಿಯುದ್ದಕ್ಕೂ ಯೋಚಿಸಿದೆ. ನನ್ನ ಕ್ಲಾಸಿನ ಒಬ್ಬಳು ಮೊದಲೇ ಹೇಳಿದ್ದಳು: ಅಮ್ಮಂದಿರು ಮಕ್ಕಳನ್ನು ಬಿಟ್ಟು ಒಬ್ಬರೇ ಊರಿಗೆ ಹೋದರೆ ಅದು ಪಾಪು ತರುವುದಕ್ಕೇ. ಈಗ ಅಂಗಡಿಯವರಿಗೂ ಗೊತ್ತಿದೆ. ಅಪ್ಪ ಅಷ್ಟೊಂದು ಹಿಟ್ಟು ಕೊಂಡಿದ್ದಾನೆ. ಅಜ್ಜಿಗೆ ಹುಷಾರಿಲ್ಲ ಎಂದು ಸುಳ್ಳು ಹೇಳಿದ್ದೂ ನನ್ನನ್ನು ಬೆರಗುಗೊಳಿಸುವುದಕ್ಕೇ ಇರಬೇಕು. ಎಲ್ಲ ಸರಿಹೊಂದಿತು. ಆ ರಾತ್ರಿಯ ಮುದ್ದೆ ಗಂಟುಗಂಟಾಗಿ ಕೋಲಿಗೇ ಅಂಟಿಕೊಂಡಿತು. ಆದರೂ ನಾನು ಸಂತೋಷದಿಂದ ಉಂಡೆ.

ಮುಂದಿನ ಶುಕ್ರವಾರ ಅಮ್ಮ ಫೋನಿಗೆ ಬಂದು "ಉಂಡ್ಯಾ?" ಅನ್ನುವ ಮೊದಲೇ ಕೇಳಿದೆ.

"ಅಮ್ಮ, ಪಾಪು ಹುಟ್ತಾ?"

ಆ ಕಡೆಯಿಂದ ಏನೂ ಬರಲಿಲ್ಲ. ಲೈನು ಹೋಯಿತೆಂದು ಹಲೋ ಹಲೋ ಅಂದೆ. ಹೋಗಿರಲಿಲ್ಲ, ದುಬಾರೆ ರಸ್ತೆಯಲ್ಲಿ ಜೀಪೊಂದು ಹಾರನ್ನು ಮಾಡಿ ದಾಟಿದ್ದು ಕೇಳಿಸಿತು. ಆಮೇಲೆ ಅಜ್ಜಿಯ ಧ್ವನಿ.

"ಏನಂದ್ಯವ್ವ ಅವ್ಳಿಗೆ? ಮೊಬೈಲ್ ನೆಲಕ್ಕಾಕ್ಬುಟ್ಟು ಒಳಿಕ್ಕೋದ್ಲು."

ಅಪ್ಪ ಅಲ್ಲೇ ಒಲೆಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಬೈಯುತ್ತಾನೆ ಅಂದುಕೊಂಡೆ. ಅವನು ಗ್ಯಾಸು ಆರಿಸಿ ಬಾಲ್ಕನಿಗೆ ಹೋದ. ಆಗಷ್ಟೇ ಒಗೆದು ಹರವಿದ್ದ ಬಟ್ಟೆಗಳನ್ನು, ನೀರು ತೊಟ್ಟಿಕ್ಕುತ್ತಿದ್ದ ಹಾಗೆಯೇ, ಒಂದೊಂದಾಗಿ ತೆಗೆದು ಮಡಿಸಿ ತಂದು ಮಂಚದ ಮೇಲಿಟ್ಟ. ಸಂಜೆ ಅವನ್ನೇ ಮತ್ತೆ ಹರವಿದ.

ಅದಾದ ಮೇಲೆ ಅಮ್ಮ ಫೋನಿಗೆ ಬರುವುದನ್ನು ಬಿಟ್ಟಳು. ಅಜ್ಜಿ ಕೂಗುವುದು ಕೇಳುತ್ತಿತ್ತು. ಆಮೇಲೆ "ಕೆಲ್ಸದಾಗವ್ಳೆ, ಆಮೇಲ್ ಮಾತಾಡ್ತಾಳಂತೆ" ಎನ್ನುತ್ತಿದ್ದಳು. ನಾನು ಏನು ತಪ್ಪು ಕೇಳಿದೆ? ತಲೆಯಲ್ಲಿ ತಿರುಗಿಸಿ ತಿರುಗಿಸಿ ಕೊನೆಗೆ ಒಂದು ಉತ್ತರ ಕಂಡುಕೊಂಡೆ. ಪಾಪುವಿಗೆಂದು ತಂದ ಹಿಟ್ಟನ್ನು ನಾವು ತಿಂದುಬಿಟ್ಟಿದ್ದೆವು. ಅದಕ್ಕೇ ಪಾಪು ಬರಲಿಲ್ಲ, ಅದಕ್ಕೇ ಅಮ್ಮನಿಗೆ ಸಿಟ್ಟು.

ಉಳಿದ ಪ್ಯಾಕೆಟ್ಟುಗಳನ್ನು ಶಾಲೆಯ ಚೀಲಕ್ಕೆ ತುಂಬಿಕೊಂಡು ಎದುರು ಮನೆಗೆ ಹೋದೆ. ಲಿಸ್ಸಿ ಆಂಟಿ ಕೂಸನ್ನು ಸೊಂಟದಲ್ಲಿಟ್ಟುಕೊಂಡೇ ಬಾಗಿಲು ತೆಗೆದರು.

"ಇದು ಯಾಕೆ ಮೋಳೆ?"

"ಇದು ನಮ್ಮ ಪಾಪುದು. ಅದು ಬರೋವರೆಗೂ ಇಟ್ಕೊಳ್ಳಿ. ನಮ್ಮನೇಲಿದ್ರೆ ಅಪ್ಪ ಮುದ್ದೆ ಮಾಡ್ಬಿಡ್ತಾರೆ."

ಆಂಟಿ ನನ್ನನ್ನು ಒಳಗೆ ಕೂರಿಸಿ ಹಾಲು ಕೊಟ್ಟರು. ಸಂಜೆ ಅಪ್ಪ ಕೆಲಸದಿಂದ ಬರುವಾಗ ಮೆಟ್ಟಿಲಿನಲ್ಲೇ ಅವನನ್ನು ನಿಲ್ಲಿಸಿ ಮಾತಾಡುವುದು ಬಾಗಿಲ ಸಂದಿಯಿಂದ ಕಂಡಿತು.

ಅಪ್ಪ ಕೈಕಾಲು ತೊಳೆದು ಬಂದು ಅಡುಗೆಮನೆಯ ನೆಲದ ಮೇಲೆ, ಫ್ರಿಜ್ಜಿಗೆ ಬೆನ್ನು ಕೊಟ್ಟು ಕೂತ. ನನ್ನನ್ನೂ ಕೂರಿಸಿಕೊಂಡ.

"ಪಾಪು ಬರ್ಬೇಕಿತ್ತು ಮಗಾ. ಅಮ್ಮಂಗೆ ಹೊಟ್ಟೆನೋವು ಬಂದಿತ್ತಲ್ಲ, ಆಗ್ಲೇ ಹೋಯ್ತು. ರಾಗಿ ತಿಂದಿದ್ಕಲ್ಲ."

"ಎಲ್ಲಿಗೆ ಹೋಯ್ತು?"

ಅಪ್ಪ "ಗೊತ್ತಿಲ್ಲ" ಅಂದ.

"ಅಮ್ಮ ಅದನ್ನ ಹುಡ್ಕಕ್ಕೆ ಹೋಗಿದಾಳಾ?"

"ಅಲ್ಲ ಮಗಾ. ಅಮ್ಮಂಗೆ ಇಲ್ಲಿರಕ್ಕೆ ಆಗ್ಲಿಲ್ಲ."

"ನಮ್ ಜೊತೆ ಇರಕ್ಕಾ?"

ಅದಕ್ಕೂ ಅವನು ಗೊತ್ತಿಲ್ಲ ಅಂದ. ದೊಡ್ಡವರು ಒಂದೇ ದಿನ ಎರಡು ಸಲ ಗೊತ್ತಿಲ್ಲ ಅನ್ನುವುದನ್ನು ನಾನು ಮೊದಲು ಕೇಳಿದ್ದು ಆಗಲೇ. ಅಪ್ಪ ಹೇಳುವುದಕ್ಕಿಂತ ಮುಂಚೆ ನನಗೆ ಒಂದು ಉತ್ತರವಾದರೂ ಇತ್ತು, ತಪ್ಪೋ ಸರಿಯೋ. ಈಗ ಅದೂ ಹೋಯಿತು. ಆದರೆ ಆ ದಿನ ಅಪ್ಪ ಮಾಡಿದ ಮುದ್ದೆಯಲ್ಲಿ ಗಂಟಿರಲಿಲ್ಲ. ಲಿಸ್ಸಿ ಆಂಟಿ ಹಿಟ್ಟನ್ನೆಲ್ಲ ವಾಪಸು ಕಳಿಸಿದ್ದರು.

ಜನವರಿ ಹೊತ್ತಿಗೆ ಮಸ್ಕತ್ತಿನಲ್ಲೂ ಬೆಳಗ್ಗೆ ಸ್ವೆಟರು ಬೇಕಾಗುವಷ್ಟು ತಂಪಾಯಿತು. ಅಜ್ಜಿ ಫೋನಿನಲ್ಲಿ ಅವರೆಕಾಯಿ ಬಿಡಿಸಿ ಬಿಡಿಸಿ ಬೆರಳೆಲ್ಲ ಕಪ್ಪಾಗಿದೆ ಎಂದಳು. ಮನೆಯ ತುಂಬ ಸೊಗಡಂತೆ. ಅದನ್ನು ಕೇಳಿದ ಮೇಲೆ ಅಪ್ಪ ಸುಮ್ಮನಿರಲಾರದೆ ಹೋದ. ಶುಕ್ರವಾರ ಬೆಳಗಾಗುತ್ತಲೇ ನನ್ನನ್ನು ಎಬ್ಬಿಸಿ ಗ್ಯಾರೇಜಿನ ಪಿಕಪ್ಪಿನಲ್ಲಿ ತರಕಾರಿ ಮಂಡಿಗೆ ಕರೆದುಕೊಂಡು ಹೋದ. ಅಲ್ಲಿ ಖರ್ಜೂರದ ರಾಶಿ, ಪುದೀನದ ಹೊರೆ, ಕುಂಬಳಕಾಯಿಯ ಗುಡ್ಡ, ಎಲ್ಲ ದಾಟಿ ಒಂದು ಮೂಲೆಯಲ್ಲಿ ಬಿಳಿ ಗಡ್ಡದ ಮುದುಕರೊಬ್ಬರು ಹಸಿರು ಕಾಯಿಗಳ ಮೂಟೆ ಬಿಚ್ಚಿಟ್ಟುಕೊಂಡು ಕೂತಿದ್ದರು. ಅಪ್ಪ ಒಂದನ್ನು ಎತ್ತಿ ತಿರುಗಿಸಿ ನೋಡಿದ.

"ಅವರೆ ಥರಾನೇ ಅದೆ ಅಲ್ವಾ?"

"ದಪ್ಪ ಜಾಸ್ತಿ ಆಯ್ತು."

"ದೇಶ ಬೇರೆ ಅಲ್ವಾ, ದಪ್ಪ ಆಗಿರ್ತದೆ."

ಮುದುಕರಿಗೆ ಅಪ್ಪನ ಹಿಂದಿಯಾಗಲಿ ಅಪ್ಪನಿಗೆ ಅವರ ಅರಬ್ಬಿಯಾಗಲಿ ತಿಳಿಯಲಿಲ್ಲ. ಚೀಲದ ತುಂಬ ಕೊಂಡು ಬಂದೆವು. ಮನೆಯಲ್ಲಿ ನೆಲಕ್ಕೆ ಪೇಪರು ಹಾಸಿ ಬಿಡಿಸತೊಡಗಿದರೆ ಸಿಪ್ಪೆಯ ಒಳಗೆಲ್ಲ ಬಿಳಿ ಹತ್ತಿಯ ಹಾಸು. ಅದರ ಮೇಲೆ ಹೆಬ್ಬೆರಳ ತುದಿಯಷ್ಟು ದೊಡ್ಡ ಕಾಳುಗಳು ಮಲಗಿದ್ದವು. ಅಪ್ಪ ಕಾರ್ಡು ಕೆರೆದು ಊರಿಗೆ ಹಚ್ಚಿ, ಕೈ ಕೊಳೆಯಾದದ್ದರಿಂದ ಫೋನನ್ನು ನನ್ನ ಕೈಗೆ ಕೊಟ್ಟ. ನಾನು ಕಂಡದ್ದನ್ನೆಲ್ಲ ಹೇಳಿದೆ.

"ಅತ್ತಿ?" ಅಂದಳು ಅಜ್ಜಿ. "ಅವರೇಕಾಯೊಳಗೆ ಎಲ್ಲಾರ ಅತ್ತಿ ಇದ್ದಾತವ್ವ? ಅದ್ಯಾವ ಕಾಯಿ ತಂದ್ರಿ? ದನಿನ್ ಮೇವಿಂದಿರ್ಬೋದು, ತಿನ್ಬ್ಯಾಡಿ."

ಆಗ ಅವಳ ಹಿಂದೆ, ದೂರದಿಂದ, ಏನಂತೆ ಎಂದು ಯಾರೋ ಕೇಳಿದರು. ಅಮ್ಮನ ಧ್ವನಿ. ಅವಳು ಮನೆಯೊಳಗಿರಲಿಲ್ಲ, ಅಂಗಳಕ್ಕೆ ಬಂದಿದ್ದಳು. ಫೋನು ಕೈ ಬದಲಾಯಿತು.

"ಒಂದು ಕಾಳು ಸುಲಿದು ಮೂಗಿಗಿಡ್ಕೊ. ಸೊಗಡು ಇದ್ಯಾ?"

ಮೂಸಿದೆ. "ಇಲ್ಲ ಅಮ್ಮ. ಹುಲ್ಲಿನ ಥರ ವಾಸ್ನೆ."

"ಕಚ್ಚಿ ನೋಡು. ಕಹಿನಾ?"

"ಸ್ವಲ್ಪ."

"ಹಂಗಾದ್ರೆ ಅದು ಅವರೆ ಅಲ್ಲ. ಅವರೆ ಥರ ಸಾರು ಮಾಡಕ್ಕೋಗ್ಬೇಡಿ, ಕೆಡುತ್ತೆ. ಬಿಸಿನೀರಲ್ಲಿ ಒಂದ್ ಕುದಿ ಕುದಿಸಿ ಮೇಲಿನ ಸಿಪ್ಪೆ ಹಿಚುಕಿ ತೆಗೀರಿ, ಕಹಿ ಹೋಯ್ತದೆ. ಬೆಳ್ಳುಳ್ಳಿ ಜಜ್ಜಿ ಹಾಕಿ ಪಲ್ಯ ಮಾಡಿ. ಕಾಯಿತುರಿ ಇದ್ಯಾ ಮನೇಲಿ?"

ಅವಳು ಅಷ್ಟು ಮಾತಾಡಿ ಎಷ್ಟೋ ತಿಂಗಳಾಗಿತ್ತು. ಅಪ್ಪ ಕಾಳು ಕೈಯಲ್ಲಿ ಹಿಡಿದುಕೊಂಡೇ ನನ್ನ ಪಕ್ಕ ಮಂಡಿಯೂರಿ ಕೂತಿದ್ದ.

"ಅಪ್ಪ ಇದಾರಾ?" ಅಂದಳು ಅಮ್ಮ. "ಕೊಡು."

ಫೋನು ಅವನ ಕಿವಿಗೆ ಹೋಗುವುದಕ್ಕೂ ಮಾತು ಕಡಿದು ಹೋಗುವುದಕ್ಕೂ ಸರಿಹೋಯಿತು.

ಅಪ್ಪ ಉಟ್ಟ ಲುಂಗಿಯಲ್ಲೇ ಚಪ್ಪಲಿಯೂ ಇಲ್ಲದೆ, ಫೋನು ಕೈಯಲ್ಲಿ ಹಿಡಿದೇ ಕಾರ್ಡು ತರಲು ಕೆಳಗೆ ಓಡಿದ. ನಾನು ಬಾಲ್ಕನಿಗೆ ಹೋಗಿ ನೋಡಿದೆ. ಶುಕ್ರವಾರದ ನಮಾಜಿನ ಹೊತ್ತು, ಬೀದಿಯ ಅಂಗಡಿಗಳೆಲ್ಲ ಬಾಗಿಲು ಎಳೆದಿದ್ದವು. ಅವನು ಒಂದು ಅಂಗಡಿಯಿಂದ ಇನ್ನೊಂದಕ್ಕೆ ಹೋಗಿ, ಕೊನೆಗೆ ಮುಚ್ಚಿದ ಒಂದು ಶಟರಿನ ಮುಂದೆ, ಬಿಸಿಲಲ್ಲಿ, ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಒಳಗೆ ಬಂದು ನೀರು ಕುದಿಸಿ ಅಮ್ಮ ಹೇಳಿದ ಹಾಗೆ ಕಾಳು ಹಿಚುಕಿದೆ. ಸಿಪ್ಪೆಯಿಂದ ಕಾಳು ಪಿಚಕ್ಕೆಂದು ಜಾರಿ ಬೀಳುವುದು ಮಾತ್ರ ಅವರೆಯ ಹಾಗೆಯೇ ಇತ್ತು. ಮತ್ತೆ ಹೋಗಿ ನೋಡಿದಾಗ ಅಂಗಡಿ ತೆರೆದಿತ್ತು. ಅಪ್ಪ ಅದೇ ಮೆಟ್ಟಿಲ ಮೇಲೆ ಕೂತು, ಮೊಣಕಾಲ ನಡುವೆ ತಲೆಯಿಟ್ಟುಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಏನು ಮಾತಾಡಿದರೆಂದು ನನಗೆ ಕೇಳಿಸಲಿಲ್ಲ.

ಮೇಲೆ ಬಂದಾಗ ಅವನ ಮುಖ ಬಿಸಿಲಿಗೆ ಕೆಂಪಾಗಿತ್ತು. ಬಾಣಲೆಯೊಳಗೆ ಇಣುಕಿ ನೋಡಿದ.

"ಉಪ್ಪು ಕಮ್ಮಿ ಹಾಕ್ಬೇಕಂತೆ" ಅಂದ.

ಅಮ್ಮ ಗುಣವಾಗುತ್ತಿದ್ದಾಳೆ, ಇನ್ನೇನು ಬಂದುಬಿಡುತ್ತಾಳೆ ಎಂದು ನಾನು ತಿಳಿದೆ. ಮಾರ್ಚಿನಲ್ಲಿ ಪರೀಕ್ಷೆ ಮುಗಿದ ಕೂಡಲೇ ಅಪ್ಪ ನನ್ನನ್ನು ಊರಿಗೆ ಕರೆದುಕೊಂಡು ಬಂದ. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗಾಗಿದ್ದವು. ಆ ವಾಸನೆಗೆ ಜೀಪಿನಲ್ಲೇ ನನಗೆ ತಲೆಸುತ್ತು ಬಂತು. ಅಮ್ಮ ಗೇಟಿನವರೆಗೆ ಬಂದು ನಿಂತಿದ್ದಳು. ಬಿಸಿಲಿಗೆ ಕಪ್ಪಾಗಿದ್ದಳು. ಹತ್ತಿರದ ನರ್ಸರಿಯೊಂದಕ್ಕೆ ಮೆಣಸಿನ ಬಳ್ಳಿ, ಕಾಫಿ ಸಸಿ ಬೆಳೆಸುವ ಕೆಲಸಕ್ಕೆ ಹೋಗುತ್ತಿದ್ದಳು. ಉಗುರಿನ ಸಂದಿಯಲ್ಲಿ ಮಣ್ಣಿತ್ತು. ಮಧ್ಯಾಹ್ನ ಅವಳೇ ಬಡಿಸಿದಳು. ಅಪ್ಪನೂ ಅವಳೂ ಜಗುಲಿಯಲ್ಲಿ ತುಂಬ ಹೊತ್ತು ಮೆತ್ತಗೆ ಮಾತಾಡಿದರು. ಜಗಳವಾಡಲಿಲ್ಲ. ಜಗಳವಾ ಎಂದು ಕೇಳಿದ್ದಕ್ಕೆ ಅಜ್ಜಿಯೇ ನನಗೆ ವಿಷಯ ಹೇಳಿದಳು: ಅಮ್ಮ ಇನ್ನು ಆ ದೇಶಕ್ಕೆ ಬರುವುದಿಲ್ಲ. ಅಪ್ಪನ ಕೆಲಸ ಅಲ್ಲೇ. ನಾನು ಇಲ್ಲೇ. ಅಮ್ಮ ಅದನ್ನು ಜನವರಿಯಲ್ಲೇ, ಆ ಶುಕ್ರವಾರವೇ ಅಪ್ಪನಿಗೆ ಫೋನಿನಲ್ಲಿ ಹೇಳಿಯಾಗಿತ್ತಂತೆ.

ಅಂದರೆ ಅಲ್ಲಿಂದ ಮಾರ್ಚಿನವರೆಗೆ, ನಾವಿಬ್ಬರೂ ಅಡುಗೆ ಮಾಡುತ್ತಿದ್ದಾಗೆಲ್ಲ, ಅಪ್ಪನಿಗೆ ಅದು ಗೊತ್ತಿತ್ತು. ಅಕ್ಕಿರೊಟ್ಟಿ ತಟ್ಟಲು ಕಲಿತಾಗಲೂ ಗೊತ್ತಿತ್ತು. ಎಲ್ಲಿರುತ್ತೀಯಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಏನು ಹೇಳುತ್ತಿದ್ದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಅಮ್ಮ ಸಿಕ್ಕಿದಳೆಂದು ಖುಷಿಪಟ್ಟು ರಾತ್ರಿ ಅವಳ ಪಕ್ಕ ಮಲಗಿದರೆ, ಅಪ್ಪ ಅಲ್ಲಿ ಹೋಗಿ ಒಬ್ಬನೇ ಏನು ಮಾಡಿಕೊಳ್ಳುತ್ತಾನೆ ಎಂದು ನಿದ್ದೆ ಬರುತ್ತಿರಲಿಲ್ಲ. ಜೂನಿನಲ್ಲಿ ಕುಶಾಲನಗರದ ಶಾಲೆಗೆ ಸೇರಿದೆ.

ಅಪ್ಪ ಹತ್ತಕ್ಕೂ ಹೆಚ್ಚು ವರ್ಷ ಮಸ್ಕತ್ತಿನಲ್ಲಿ ಒಬ್ಬನೇ ಇದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ. ಈಗ ಪೂರ್ತಿಯಾಗಿ ಬಂದು ಗುಡ್ಡೆಹೊಸೂರಿನಲ್ಲೇ ಸಣ್ಣದೊಂದು ವರ್ಕ್‌ಶಾಪ್ ಇಟ್ಟುಕೊಂಡಿದ್ದಾನೆ. ಅಜ್ಜಿ ಹೋಗಿ ನಾಲ್ಕು ವರ್ಷವಾಯಿತು. ಅಮ್ಮ ಈಗ ನರ್ಸರಿಯನ್ನು ತಾನೇ ನೋಡಿಕೊಳ್ಳುತ್ತಾಳೆ, ನಗುತ್ತಾಳೆ, ಜೋರಾಗಿ ಮಾತಾಡುತ್ತಾಳೆ. ಅವರಿಬ್ಬರ ಸಂಸಾರ ಚೆನ್ನಾಗಿದೆ. ನಾನು ಪೊನ್ನಂಪೇಟೆಯಲ್ಲಿ ಸರಕಾರಿ ಆಫೀಸೊಂದರಲ್ಲಿ ಕೆಲಸದಲ್ಲಿದ್ದೇನೆ. ರಜೆ ಬಂದಾಗ ಮನೆಗೆ ಹೋಗುತ್ತೇನೆ. ಅಪ್ಪ ಜಗುಲಿಯಲ್ಲಿ ಕೂತಿರುತ್ತಾನೆ. ಅಮ್ಮ ಕರೆದಾಗ ಬಂದು ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು ಹೋಗುತ್ತಾನೆ. ಅಡುಗೆಮನೆಯ ಹೊಸ್ತಿಲು ದಾಟುವುದಿಲ್ಲ.

ಕಳೆದ ತಿಂಗಳು ಅಮ್ಮ ನೆಂಟರ ಮದುವೆಗೆಂದು ಹಾಸನಕ್ಕೆ ಹೋಗಿದ್ದಳು. ನಾನು ಬಂದಾಗ ಮನೆಯಲ್ಲಿ ಅಪ್ಪ ಒಬ್ಬನೇ. ಎಷ್ಟೋ ವರ್ಷದ ಮೇಲೆ ಹಾಗೆ ನಾವಿಬ್ಬರೇ ಸಿಕ್ಕಿದ್ದು. ನನಗೆ ಬಸ್ಸಿನಲ್ಲಿ ಬರುವಾಗಲೇ ಆಸೆಯಾಗಿತ್ತು.

"ಅಪ್ಪ, ಇವತ್ತು ನಾವಿಬ್ರೇ ಅಡುಗೆ ಮಾಡಣ್ವಾ? ಆಗ ಮಾಡ್ತಿದ್ವಲ್ಲ, ಹಂಗೆ?"

ಅವನು ಚಪ್ಪಲಿ ಹಾಕಿಕೊಳ್ಳುತ್ತಿದ್ದ. "ಬೇಡ ಮಗಾ. ಹೋಟ್ಲಿಗೋಗಣ."

"ನಂಗೆ ಆ ವರ್ಷ ತುಂಬ ನೆನಪಾಗುತ್ತೆ. ಎಷ್ಟು ಚೆನ್ನಾಗಿತ್ತು ಅಲ್ವಾ?"

ಅಪ್ಪ ತಲೆಯೆತ್ತಿ ನನ್ನನ್ನು ನೋಡಿದ. "ಚೆನ್ನಾಗಿತ್ತಾ ನಿಂಗೆ?" ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ನಿಜವಾಗಿ ತಿಳಿದುಕೊಳ್ಳಲೆಂದೇ ಕೇಳಿದ ಹಾಗಿತ್ತು. "ಆಗ್ಲಿ ಬಿಡು. ನಿಂಗಾದ್ರೂ ಚೆನ್ನಾಗಿತ್ತಲ್ಲ." ಇನ್ನೊಂದು ಚಪ್ಪಲಿಯನ್ನೂ ಹಾಕಿಕೊಂಡು ಅಂದ, "ನಂಗೀಗ ಒಲೆ ಮುಂದೆ ನಿಂತ್ರೆ ಮನೇಲಿ ಯಾರೂ ಇಲ್ಲ ಅನ್ಸುತ್ತೆ ಕಣೆ. ನಿಮ್ಮಮ್ಮ ಒಳಗೇ ಇದ್ರೂ ಹಂಗನ್ಸುತ್ತೆ. ಅದ್ಕೇ ಹೋಗಲ್ಲ."

ಹೋಟೆಲಿನಲ್ಲಿ ಎದುರುಬದುರು ಕೂತು ಊಟ ಮಾಡಿದೆವು. ಸಾರು ಚೆನ್ನಾಗಿದೆ ಎಂದು ಅಪ್ಪ ಹೇಳಿದ, ನಾನೂ ಹೌದೆಂದೆ. ಆ ಚಳಿಗಾಲ ನಮ್ಮಿಬ್ಬರದೆಂದು ನಾನು ಇಷ್ಟು ವರ್ಷ ಜತನವಾಗಿ ಇಟ್ಟುಕೊಂಡಿದ್ದೆ. ಅದರಲ್ಲಿ ಅಪ್ಪನ ಪಾಲು ಯಾವುದೆಂದು ಅವತ್ತು ತಿಳಿಯಿತು. ಇನ್ನು ಅದನ್ನು ನೆನಪಿಸಿಕೊಂಡು ನಗಬೇಕಾದರೆ ನಾನೊಬ್ಬಳೇ ನಗಬೇಕು. ಅಪ್ಪ ತನ್ನ ಎಲೆಯಲ್ಲಿದ್ದ ಹಪ್ಪಳವನ್ನು ಮುರಿದು ಅರ್ಧ ನನ್ನ ಕಡೆಗಿಟ್ಟು, "ನಿನ್ ಬಸ್ಸು ಎಷ್ಟೊತ್ತಿಗೆ?" ಎಂದು ಕೇಳಿದ.